ತೊಗಟೆಯಿಂದ ರಕ್ತದವರೆಗೆ: ಮದ್ದಿಗೆ ಬಗ್ಗದ ಸ್ತನ ಕ್ಯಾನ್ಸರ್ ಮತ್ತು ಗಿಡಮೂಲದ ಔಷಧಿ

2024ರ ಫೆಬ್ರುವರಿಯಲ್ಲಿ ಮುಂಬೈನ ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳು ಒಂದು ಮಾತ್ರೆಯ ವಿಷಯ ಹೇಳಿದರು. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್‌ಗೆ ತಾಮ್ರ ಸೇರಿಸಿ ಮಾಡಿದ ಮಾತ್ರೆ, ಬೆಲೆ ಸುಮಾರು 100 ರೂಪಾಯಿ. ಚಿಕಿತ್ಸೆಯ ಅಡ್ಡಪರಿಣಾಮ ಅರ್ಧಕ್ಕಿಳಿಯುತ್ತದೆ, ಕ್ಯಾನ್ಸರ್ ಮರುಕಳಿಸುವುದು ಶೇ 30ರಷ್ಟು ತಪ್ಪುತ್ತದೆ ಎಂಬ ಮಾತು ಟಿವಿಯಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಹರಿದಾಡಿತು. ಅದೇ ವರ್ಷದ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು, ತಮ್ಮ ಪತ್ನಿ ನಾಲ್ಕನೇ ಹಂತದ ಸ್ತನ ಕ್ಯಾನ್ಸರಿನಿಂದ ಪಾರಾಗಲು ಅರಿಶಿನ, ಬೇವು, ನಿಂಬೆನೀರಿನ ಪಥ್ಯ ನೆರವಾಯಿತೆಂದರು. ಆಗ ಟಾಟಾ ಸ್ಮಾರಕದ ಹಾಲಿ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಒಟ್ಟಾಗಿ ಹೇಳಿಕೆ ಹೊರಡಿಸಿ, ಇವುಗಳಿಂದ ಕ್ಯಾನ್ಸರ್ ಗುಣವಾಗುತ್ತದೆ ಎನ್ನಲು ರೋಗಿಗಳ ಮೇಲಿನ ಪುರಾವೆ ಇಲ್ಲ, ಚಿಕಿತ್ಸೆ ತಡಮಾಡಬೇಡಿ ಎಂದರು. ಸಿಧು ಪತ್ನಿಗೆ ಶಸ್ತ್ರಚಿಕಿತ್ಸೆಯೂ ಕೀಮೋಥೆರಪಿಯೂ ಆಗಿತ್ತು. ಸುದ್ದಿಯ ತಲೆಬರಹಗಳಲ್ಲಿ ಆ ಭಾಗ ಬಿಟ್ಟುಹೋಗಿತ್ತು.

ಮನೆಯಲ್ಲಿ ರೋಗಿ ಇರುವವರಿಗೆ ಇದು ಗೊಂದಲ ತಂದದ್ದು ಸಹಜ. ದ್ರಾಕ್ಷಿಯ ಸತ್ವ ಆಗುವುದಾದರೆ ಅರಿಶಿನ ಏಕಾಗದು? ಕೀಮೋ ಡ್ರಿಪ್ಪಿನಲ್ಲಿ ಹರಿಯುವ ಔಷಧಿಗಳಲ್ಲಿ ಹಲವು ಗಿಡಮರಗಳಿಂದಲೇ ಬಂದವು ಎಂಬುದೂ ನಿಜವಲ್ಲವೇ? ನಿಜ. ಆದ್ದರಿಂದ ಕೇಳಬೇಕಾದದ್ದು ಗಿಡದಲ್ಲಿ ಔಷಧಿ ಇದೆಯೇ ಎಂದಲ್ಲ. ಆ ವಸ್ತು ಗಡ್ಡೆಯನ್ನು ಎಷ್ಟು ಪ್ರಮಾಣದಲ್ಲಿ ಮುಟ್ಟುತ್ತದೆ, ಎಷ್ಟು ಹೊತ್ತು ಅಲ್ಲಿ ಉಳಿಯುತ್ತದೆ, ದಾರಿಯಲ್ಲಿ ಇನ್ನೇನನ್ನು ಕೆಡಿಸುತ್ತದೆ ಎಂದು ಕೇಳಬೇಕು.

ರೆಸ್ವೆರಾಟ್ರಾಲ್ ಮಾತ್ರೆಗೂ ಇದೇ ಅಳತೆಗೋಲು. ಅದರ ಹಿಂದಿನ ತರ್ಕ ಹೀಗೆ: ಚಿಕಿತ್ಸೆಯಿಂದ ಸಾಯುವ ಕ್ಯಾನ್ಸರ್ ಕೋಶಗಳು ತಮ್ಮ ವರ್ಣತಂತುಗಳ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ, ಅವು ಆರೋಗ್ಯವಂತ ಕೋಶಗಳನ್ನು ಹೊಕ್ಕು ಕೆಡಿಸುತ್ತವೆ, ಈ ಮಾತ್ರೆ ಆ ಚೂರುಗಳನ್ನು ನಾಶಮಾಡುತ್ತದೆ. ಮರುಕಳಿಕೆ ತಪ್ಪುತ್ತದೆ ಎಂಬ ಭಾಗಕ್ಕೆ ಆಧಾರ ಇಲಿಗಳ ಮೇಲಿನ ಪ್ರಯೋಗ. ಮನುಷ್ಯರಲ್ಲಿ ಅದನ್ನು ತೋರಿಸಲು ಇನ್ನೂ ಹಲವು ವರ್ಷ ಬೇಕೆಂದು ಸಂಶೋಧಕರೇ ಅಂದು ಹೇಳಿದ್ದರು. ಹಾಗಾಗಿ ಎರಡು ಸುದ್ದಿಗಳಿಗೂ ವಿರೋಧವಿಲ್ಲ. ಒಂದು, ಪರೀಕ್ಷೆ ಮುಗಿಯದ ಊಹೆ. ಇನ್ನೊಂದು, ಪರೀಕ್ಷೆಯೇ ಆಗದ ನಂಬಿಕೆಯ ಬಗೆಗಿನ ಎಚ್ಚರಿಕೆ.

ಮದ್ದಿಗೆ ಬಗ್ಗದು ಅಂದರೆ ಏನು

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.92 ಲಕ್ಷ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ, ಸುಮಾರು 98 ಸಾವಿರ ಮಂದಿ ಅದರಿಂದ ಸಾಯುತ್ತಾರೆ. ಹೆಸರು ಒಂದೇ ಆದರೂ ರೋಗ ಒಂದೇ ಅಲ್ಲ. ಈಸ್ಟ್ರೊಜೆನ್ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಿ ಇರುವ ಗಡ್ಡೆಗಳೇ ಹೆಚ್ಚು, ಅವಕ್ಕೆ ಟ್ಯಾಮೊಕ್ಸಿಫೆನ್‌ನಂಥ ಮಾತ್ರೆ. ಹರ್-2 ಎಂಬ ಪ್ರೋಟೀನ್ ಅತಿಯಾಗಿರುವ ಗಡ್ಡೆಗಳಿಗೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ಈಸ್ಟ್ರೊಜೆನ್ ಗ್ರಾಹಿ, ಪ್ರೊಜೆಸ್ಟರಾನ್ ಗ್ರಾಹಿ, ಹರ್-2ರ ಹೆಚ್ಚಳ ಈ ಮೂರೂ ಇಲ್ಲದ್ದು ಟ್ರಿಪಲ್ ನೆಗೆಟಿವ್. ಪಾಶ್ಚಾತ್ಯ ದೇಶಗಳಲ್ಲಿ ಇದರ ಪಾಲು ಶೇ 10ರಿಂದ 15. ಭಾರತದ ಆಸ್ಪತ್ರೆಗಳ ಅಧ್ಯಯನಗಳಲ್ಲಿ ಅದು ಹೆಚ್ಚು, ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು.

ಮೂರಕ್ಕೂ ಮದ್ದು ಸೋಲುವ ಬಗೆ ಬೇರೆ ಬೇರೆ. ಹಾರ್ಮೋನ್ ಗಡ್ಡೆಯಲ್ಲಿ ಗ್ರಾಹಿಯ ಜೀನ್‌ನಲ್ಲೇ ರೂಪಾಂತರವಾಗಿ, ಈಸ್ಟ್ರೊಜೆನ್ ಇಲ್ಲದಿದ್ದರೂ 'ಬೆಳೆ' ಎಂಬ ಸಂಕೇತ ಚಾಲೂ ಇರುತ್ತದೆ. ಹರ್-2 ಗಡ್ಡೆ ಬೇರೊಂದು ಸಂಕೇತದ ದಾರಿ ಹಿಡಿಯುತ್ತದೆ. ಟ್ರಿಪಲ್ ನೆಗೆಟಿವ್‌ನಲ್ಲಿ ಕೀಮೋಗೆ ಮೊದಮೊದಲು ಚೆನ್ನಾಗಿ ಕರಗಿದ ಗಡ್ಡೆ ಕೆಲವೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ಅಂದರೆ 'ಮದ್ದಿಗೆ ಬಗ್ಗದ ಸ್ತನ ಕ್ಯಾನ್ಸರಿಗೆ ಗಿಡಮೂಲಿಕೆ' ಎಂಬ ತಲೆಬರಹ ಕಂಡಾಗ ಯಾವ ಬಗೆಯ ಗಡ್ಡೆ, ಯಾವ ಔಷಧಿಗೆ ಬಗ್ಗದ್ದು ಎಂದು ಕೇಳಲೇಬೇಕು. ಅದಿಲ್ಲದೆ ಆ ಮಾತಿಗೆ ಅರ್ಥವಿಲ್ಲ.

ಈ ಪಂಪು ಹುಟ್ಟಿದ್ದೇ ಗಿಡದ ವಿಷಕ್ಕಾಗಿ

ಕೀಮೋ ಸೋಲಲು ಇರುವ ಕಾರಣಗಳಲ್ಲಿ ಒಂದನ್ನು ಬಿಡಿಸಿ ನೋಡಬೇಕು, ಏಕೆಂದರೆ ಗಿಡಮೂಲದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು ಅದೇ. ಜೀವಕೋಶದ ಹೊರಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಇರುತ್ತದೆ. 1976ರಲ್ಲಿ ಗುರುತಿಸಿದ್ದು. ಒಳಗೆ ಬಂದ ಔಷಧಿಯ ಅಣುವನ್ನು ಶಕ್ತಿ ಖರ್ಚುಮಾಡಿ ಹೊರಕ್ಕೆ ಎತ್ತಿಹಾಕುವುದು ಇದರ ಕೆಲಸ. ಕ್ಯಾನ್ಸರ್ ಕೋಶ ಈ ಪಂಪುಗಳನ್ನು ಹೆಚ್ಚಿಸಿಕೊಂಡರೆ ಹೊರಗೆ ಎಷ್ಟು ಔಷಧಿ ಇದ್ದರೂ ಒಳಗೆ ನಿಲ್ಲುವುದಿಲ್ಲ.

ಇದು ಕ್ಯಾನ್ಸರ್ ಕಂಡುಕೊಂಡ ಹೊಸ ಉಪಾಯವೇನಲ್ಲ. ಕರುಳು, ಯಕೃತ್ತು, ಮೂತ್ರಪಿಂಡ, ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಎಲ್ಲರಿಗೂ ಈ ಪಂಪು ಇದೆ. ತಿಂದ ಸೊಪ್ಪು, ಕಾಯಿ, ಬೇರಿನಲ್ಲಿರುವ ವಿಷವನ್ನು ರಕ್ತಕ್ಕೆ ಸೇರದಂತೆ ಕಾಯುವ ಹಳೆಯ ಕಾವಲು ಅದು. ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಬ್ಲಾಸ್ಟಿನ್, ಎಟೊಪೊಸೈಡ್, ಹೀಗೆ ಗಿಡದಿಂದ ಬಂದ ಕೀಮೋ ಔಷಧಿಗಳನ್ನು ಈ ಪಂಪು ಸಲೀಸಾಗಿ ಗುರುತು ಹಿಡಿದು ಹೊರಹಾಕುವುದರಲ್ಲಿ ಆಶ್ಚರ್ಯವಿಲ್ಲ.

ಪಂಪನ್ನೇ ಕಟ್ಟಿಹಾಕಿದರೆ? ಈ ಯೋಚನೆಗೆ ನಾಲ್ಕು ದಶಕ ದಾಟಿತು. 1981ರಲ್ಲಿ ರಕ್ತದೊತ್ತಡದ ಔಷಧಿ ವೆರಾಪಮಿಲ್ ಪ್ರಯೋಗಾಲಯದಲ್ಲಿ ಪಂಪನ್ನು ತಡೆದದ್ದು ಕಂಡಿತು. ಆಮೇಲೆ ವಾಲ್ಸ್ಪೊಡಾರ್, ನಂತರ ಟಾರಿಕ್ವಿಡಾರ್, ಒಂದಕ್ಕಿಂತ ಒಂದು ನಿಖರ. ರೋಗಿಗಳಲ್ಲಿ ಮೂರೂ ಸೋತವು. ಮುಖ್ಯ ಕಾರಣಗಳಲ್ಲಿ ಒಂದು: ಗಡ್ಡೆಯ ಪಂಪು ನಿಂತಾಗ ಯಕೃತ್ತಿನದೂ ಕರುಳಿನದೂ ನಿಲ್ಲುತ್ತದೆ. ಕೀಮೋ ಔಷಧಿ ದೇಹದಿಂದ ಹೊರಹೋಗದೆ ಉಳಿದು ಮಜ್ಜೆಯನ್ನೂ ನರಗಳನ್ನೂ ಕಾಡುತ್ತದೆ. ವಿಷ ಏರಿತೆಂದು ಕೀಮೋ ಪ್ರಮಾಣ ಇಳಿಸಿದರೆ ಪಂಪು ತಡೆದ ಲಾಭವೂ ಹೋಯಿತು. ಸಾಲದೆಂಬಂತೆ ಕೋಶದಲ್ಲಿ ಬೇರೆ ಪಂಪುಗಳೂ ಇವೆ, ಒಂದಕ್ಕಂತೂ 'ಸ್ತನ ಕ್ಯಾನ್ಸರ್ ಪ್ರತಿರೋಧ ಪ್ರೋಟೀನ್' ಎಂದೇ ಹೆಸರು.

ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯಂಥವುಗಳ ಕ್ವೆರ್ಸೆಟಿನ್, ಮೆಣಸಿನ ಪೈಪರಿನ್ ಮುಂತಾದವು ಪಂಪನ್ನು ತಡೆದು ಕೀಮೋಗೆ ದಾರಿ ಮಾಡಿಕೊಡುತ್ತವೆ ಎನ್ನುವ ಪ್ರಬಂಧಗಳು ನೂರಾರಿವೆ. ಅಷ್ಟು ಬಲವಾದ ತಡೆಗಳೇ ಸೋತ ಕಡೆ ಈ ಸೌಮ್ಯವಾದವು ಹೇಗೆ ಗೆಲ್ಲುತ್ತವೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಬಹುಪಾಲು ಉತ್ತರ ಕೊಡುವುದಿಲ್ಲ.

ಈಗಾಗಲೇ ಕೆಲಸ ಮಾಡುತ್ತಿರುವ ಮರಗಳು

1962ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಲಾಯಿತು. ಅದರಲ್ಲಿನ ವಸ್ತುವಿನ ರಚನೆಯನ್ನು ರಸಾಯನವಿಜ್ಞಾನಿಗಳಾದ ಮನ್ರೊ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾನಿ 1971ರಲ್ಲಿ ಪ್ರಕಟಿಸಿದರು. ಅದು ಕೋಶವನ್ನು ಕೊಲ್ಲುವ ಬಗೆಯನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು: ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಿಕೆಗಳು ಬಿಚ್ಚಿಕೊಳ್ಳದಂತೆ ಅದು ಬಿಗಿಹಿಡಿಯುತ್ತದೆ, ಕೋಶ ಅರ್ಧದಲ್ಲೇ ಸಿಕ್ಕಿ ಸಾಯುತ್ತದೆ. 1994ರಲ್ಲಿ ಸ್ತನ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. ತೊಗಟೆಯಿಂದ ಡ್ರಿಪ್ಪಿಗೆ 32 ವರ್ಷ. ಅದೇ ಪ್ಯಾಕ್ಲಿಟ್ಯಾಕ್ಸೆಲ್. ನೀರಿನಲ್ಲಿ ಕರಗದ ಕಾರಣ ಸಾಮಾನ್ಯವಾಗಿ ಹರಳೆಣ್ಣೆಯಿಂದ ಮಾಡಿದ ದ್ರಾವಕದಲ್ಲಿ ಕೊಡುತ್ತಾರೆ. ಆ ದ್ರಾವಕಕ್ಕೆ ತೀವ್ರ ಅಲರ್ಜಿ ಆಗಬಹುದೆಂದೇ ಮೊದಲು ಸ್ಟೀರಾಯ್ಡ್ ಕೊಡುವುದು.

ಬಗ್ಗದ ಗಡ್ಡೆಗಳ ವಿಷಯದಲ್ಲಿ ನಿಜವಾದ ತಿರುವು ಬಂದದ್ದು ಇನ್ನೊಂದು ಗಿಡವಸ್ತುವಿನಿಂದ. ಚೀನಾದ ಕ್ಯಾಂಪ್ಟೊಥೆಕಾ ಮರದಿಂದ ವಾಲ್ ಮತ್ತು ವಾನಿ 1966ರಲ್ಲೇ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದ್ದರು. ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವವನ್ನು ಅದು ಸಿಕ್ಕಿಸಿಹಾಕುತ್ತದೆ. 1970ರ ದಶಕದ ಮೊದಲ ಪ್ರಯೋಗಗಳಲ್ಲಿ ರೋಗಿಗಳ ಮೂತ್ರಕೋಶದಿಂದ ರಕ್ತ ಬರತೊಡಗಿ ಪ್ರಯೋಗ ನಿಂತಿತು. ಅಣುವನ್ನು ತಿದ್ದಿ ಇರಿನೊಟೆಕಾನ್ ಮಾಡಲಾಯಿತು. ಅದು ದೇಹದಲ್ಲಿ ಎಸ್‌ಎನ್-38 ಆಗಿ ಮಾರ್ಪಡುತ್ತದೆ, ಮೂಲಕ್ಕಿಂತ ನೂರರಿಂದ ಸಾವಿರ ಪಟ್ಟು ತೀಕ್ಷ್ಣ. ಹಾಗೇ ರಕ್ತಕ್ಕೆ ಬಿಡಲಾಗದಷ್ಟು ತೀಕ್ಷ್ಣವಾದ ಇದನ್ನು ಪ್ರತಿಕಾಯವೊಂದಕ್ಕೆ, ಅಂದರೆ ನಿರ್ದಿಷ್ಟ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನಿಗೆ, ಕಟ್ಟಿದರು. ಒಂದು ಪ್ರತಿಕಾಯಕ್ಕೆ ಏಳೆಂಟು ಅಣು. ಪ್ರತಿಕಾಯ ಹೋಗಿ ಕೂರುವುದು ಟ್ರಾಪ್-2 ಎಂಬ ಗುರುತು ಹೆಚ್ಚಿರುವ ಕೋಶದ ಮೇಲೆ. ವಿಷ ಬಹುಪಾಲು ಅಲ್ಲೇ ಬಿಡುಗಡೆ. ಇದು ಸ್ಯಾಸಿಟುಜುಮ್ಯಾಬ್ ಗೋವಿಟೆಕಾನ್. ಕಿಲೋ ತೂಕಕ್ಕೆ 10 ಮಿಲಿಗ್ರಾಂ, 21 ದಿನದ ಸುತ್ತಿನಲ್ಲಿ ಮೊದಲ ಮತ್ತು ಎಂಟನೇ ದಿನ. ಹಲವು ಕೀಮೋ ಸೋತ ಟ್ರಿಪಲ್ ನೆಗೆಟಿವ್ ರೋಗಿಗಳ ಅಸೆಂಟ್ ಪ್ರಯೋಗದಲ್ಲಿ ಸಾಮಾನ್ಯ ಕೀಮೋ ಪಡೆದವರ ಮಧ್ಯಮ ಬದುಕುಳಿವು (ಅರ್ಧದಷ್ಟು ಮಂದಿ ಬದುಕಿದ್ದ ಅವಧಿ) 6.7 ತಿಂಗಳು, ಇದನ್ನು ಪಡೆದವರದು 12.1 ತಿಂಗಳು. ಹರ್-2 ಗಡ್ಡೆಗಳಿಗೆ ಬಂದ ಟ್ರಾಸ್ಟುಜುಮ್ಯಾಬ್ ಡೆರುಕ್ಸ್ಟೆಕಾನ್ ಹೊರುವುದೂ ಕ್ಯಾಂಪ್ಟೊಥೆಸಿನ್ ವಂಶದ ವಿಷವನ್ನೇ.

ಇಥಿಯೋಪಿಯಾದ ಮೇಟೆನಸ್ ಪೊದೆಯ ಮೇಟಾನ್ಸಿನ್ ಕಥೆಯೂ ಹೀಗೇ. 1972ರಲ್ಲಿ ಸಿಕ್ಕಿತು, ವಿಷ ಹೆಚ್ಚೆಂದು ಮೂಲೆಗೆ ಬಿತ್ತು, ಪ್ರತಿಕಾಯಕ್ಕೆ ಕಟ್ಟಿದ ಮೇಲೆ 2013ರಲ್ಲಿ ಹರ್-2 ಗಡ್ಡೆಗಳ ಔಷಧಿ ಟಿ-ಡಿಎಂ1 ಆಗಿ ಮರಳಿತು.

ಆದರೆ ಇಲ್ಲೂ ಪ್ರತಿರೋಧ ಬೆನ್ನು ಬಿಟ್ಟಿಲ್ಲ. ಕೆಲವು ಗಡ್ಡೆಗಳು ಟ್ರಾಪ್-2 ಗುರುತನ್ನೇ ಬದಲಿಸಿಕೊಳ್ಳುತ್ತವೆ, ಕೆಲವು ವಿಷ ಹಿಡಿಯಬೇಕಾದ ಕಿಣ್ವವನ್ನು ಮಾರ್ಪಡಿಸಿಕೊಳ್ಳುತ್ತವೆ. ಸ್ಯಾಸಿಟುಜುಮ್ಯಾಬ್ ಗೋವಿಟೆಕಾನ್, ಟ್ರಾಸ್ಟುಜುಮ್ಯಾಬ್ ಡೆರುಕ್ಸ್ಟೆಕಾನ್ ಎರಡೂ ಹೊರುವುದು ಕ್ಯಾಂಪ್ಟೊಥೆಸಿನ್ ವಂಶದ ವಿಷವಾದ್ದರಿಂದ, ಒಂದಕ್ಕೆ ಬಗ್ಗದ ಗಡ್ಡೆಗೆ ಇನ್ನೊಂದನ್ನು ಕೊಟ್ಟಾಗ ಫಲ ಹಲವೊಮ್ಮೆ ಕಡಿಮೆ.

ಒಂದು ಚಮಚ ಅರಿಶಿನದ ಲೆಕ್ಕ

ಅರಿಶಿನಕ್ಕೆ ಬರೋಣ. ಒಣ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಒಂದು ಟೀ ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲಿ 90 ಮಿಲಿಗ್ರಾಂ. ಪ್ರಯೋಗಾಲಯದ ತಟ್ಟೆಯಲ್ಲಿ ಸ್ತನ ಕ್ಯಾನ್ಸರ್ ಕೋಶ ಸಾಯಲು ಸಾಮಾನ್ಯವಾಗಿ ಬೇಕಾಗುವುದು 10 ಮೈಕ್ರೊಮೋಲಾರ್ ಅಥವಾ ಇನ್ನೂ ಹೆಚ್ಚು, ಲೀಟರಿಗೆ ಸುಮಾರು 3.7 ಮಿಲಿಗ್ರಾಂ. ತೀರಾ ಹೆಚ್ಚಲ್ಲ ಅನಿಸಬಹುದು. ಆದರೆ ಮನುಷ್ಯರ ಮೇಲಿನ ಒಂದು ಅಧ್ಯಯನದಲ್ಲಿ ದಿನಕ್ಕೆ 3.6 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿಸಿದಾಗ ರಕ್ತದಲ್ಲಿ ಸಿಕ್ಕಿದ್ದು ಸುಮಾರು 11 ನ್ಯಾನೊಮೋಲಾರ್ (1,000 ನ್ಯಾನೊಮೋಲಾರ್ ಎಂದರೆ 1 ಮೈಕ್ರೊಮೋಲಾರ್). ತಟ್ಟೆಯಲ್ಲಿ ಬೇಕಾದದ್ದರ ಸಾವಿರದಲ್ಲಿ ಒಂದು ಪಾಲು. 3.6 ಗ್ರಾಂ ಎಂದರೆ 120 ಗ್ರಾಂ ಅರಿಶಿನ ಪುಡಿಯ ಸತ್ವ, ಅದೂ ದಿನಾ. ತೈವಾನಿನ ಅಧ್ಯಯನದಲ್ಲಿ 8 ಗ್ರಾಂ ಕೊಟ್ಟಾಗಲೂ ಗರಿಷ್ಠ ಮಟ್ಟ 1.77 ಮೈಕ್ರೊಮೋಲಾರ್, ಅದೂ ಒಂದೆರಡು ಗಂಟೆಯ ಹೊತ್ತಿಗೆ ಮಾತ್ರ. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಕರುಳು ಅದನ್ನು ಸರಿಯಾಗಿ ಹೀರದು, ಹೀರಿದ್ದನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಬೇಗ ಮಾರ್ಪಡಿಸಿ ಹೊರಗೆ ಕಳಿಸುತ್ತವೆ.

ಪ್ಯಾಕ್ಲಿಟ್ಯಾಕ್ಸೆಲ್‌ನ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಮೈಯ ಮೇಲ್ಮೈಯ ಚದರ ಮೀಟರಿಗೆ 175 ಮಿಲಿಗ್ರಾಂನಂತೆ ಮೂರು ಗಂಟೆ ಹರಿಸಿದರೆ ರಕ್ತದಲ್ಲಿ ಸುಮಾರು 4 ಮೈಕ್ರೊಮೋಲಾರ್ ತಲುಪುತ್ತದೆ. ಕೋಶ ಕೊಲ್ಲಲು ಅದಕ್ಕೆ ಸಾಕಾಗುವುದು ಕೆಲವೇ ನ್ಯಾನೊಮೋಲಾರ್. ಬೇಕಾದ್ದಕ್ಕಿಂತ ನೂರಾರು ಪಟ್ಟು ಸಿಗುತ್ತದೆ. ಅರಿಶಿನದಲ್ಲಿ ಬೇಕಾದ್ದಕ್ಕಿಂತ ಸಾವಿರ ಪಟ್ಟು ಕೊರತೆ. ಎರಡೂ ಗಿಡದವೇ.

ಮೆಣಸು ಸೇರಿಸಿದರೆ? ಇದರ ಹೆಸರಾಂತ ಅಧ್ಯಯನ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, 1998ರಲ್ಲಿ ಪ್ರಕಟವಾಯಿತು. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ರಷ್ಟು ಏರಿತು. ಇಂದು ಮಾರಾಟವಾಗುವ ಎಷ್ಟೋ ಅರಿಶಿನ ಕ್ಯಾಪ್ಸೂಲ್‌ಗಳ ಡಬ್ಬಿಯ ಮೇಲೆ ಕಾಣುವ ಅಂಕಿ ಇದೇ. ಆದರೆ 11 ನ್ಯಾನೊಮೋಲಾರನ್ನು 20 ಪಟ್ಟು ಮಾಡಿದರೂ ಬರುವುದು 220. ತಟ್ಟೆಯಲ್ಲಿ ಬೇಕಾದದ್ದು 10,000.

ಹಾಗಾದರೆ ಕರ್ಕ್ಯುಮಿನ್ ಕಥೆ ಮುಗಿಯಿತೇ? ಇಲ್ಲ. ಅರ್ಮೇನಿಯಾದಲ್ಲಿ ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ 150 ಹೆಂಗಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೊಮ್ಮೆ 300 ಮಿಲಿಗ್ರಾಂ ಕರ್ಕ್ಯುಮಿನನ್ನು ರಕ್ತನಾಳಕ್ಕೇ ಕೊಟ್ಟರು, ಪ್ಯಾಕ್ಲಿಟ್ಯಾಕ್ಸೆಲ್ ಜೊತೆಗೆ, 12 ವಾರ. ಗಡ್ಡೆ ಕುಗ್ಗಿದವರ ಪ್ರಮಾಣ ಶೇ 51, ಹುಸಿಮದ್ದಿನ ಗುಂಪಿನಲ್ಲಿ ಶೇ 33. ಆಸೆ ಹುಟ್ಟಿಸುವ ಫಲಿತಾಂಶ, ದೊಡ್ಡ ಪ್ರಯೋಗಕ್ಕೆ ಅರ್ಹ. ಇದನ್ನು ನೋಡಿ ಯಾವುದೋ ಕ್ಲಿನಿಕ್ಕಿನಲ್ಲಿ ಅರಿಶಿನದ ಡ್ರಿಪ್ ಹಾಕಿಸಿಕೊಳ್ಳುವುದು ಬೇರೆ ಮಾತು. 2017ರಲ್ಲಿ ಅಮೆರಿಕದಲ್ಲಿ ಅಂಥ ಡ್ರಿಪ್ ಹಾಕಿಸಿಕೊಂಡ ಮಹಿಳೆಯೊಬ್ಬರು ತೀರಿಕೊಂಡರು. ಸರ್ಕಾರಿ ತನಿಖೆಯಲ್ಲಿ ಅದರ ದ್ರಾವಕದಲ್ಲಿ ವಿಷವಸ್ತುವಿನ ಕಲಬೆರಕೆ ಕಂಡುಬಂತು.

ತಟ್ಟೆಯಲ್ಲಿದ್ದ ಕೋಶ ಯಾವುದು

ಪ್ರಬಂಧಗಳಲ್ಲಿ ಇನ್ನೊಂದು ತೊಡಕಿದೆ, ತಜ್ಞರೂ ಎಡವಿದ್ದು. 'ಔಷಧಿಗೆ ಬಗ್ಗದ ಸ್ತನ ಕ್ಯಾನ್ಸರ್ ಕೋಶ' ಎಂದು ದಶಕಗಳ ಕಾಲ ಬಳಸಿದ ಎಂಸಿಎಫ್-7/ಎಡಿಆರ್ ಎಂಬ ಹೆಸರಿನ ಕೋಶವಂಶವೊಂದು ಸ್ತನದ್ದೇ ಅಲ್ಲ, ಅಂಡಾಶಯದ ಕ್ಯಾನ್ಸರಿನದೆಂದು ವಂಶವಾಹಿ ಪರೀಕ್ಷೆಯಲ್ಲಿ ಆಮೇಲೆ ಬಯಲಾಯಿತು. ಅದರ ಹೆಸರು ಬದಲಿಸಿದರೂ ಹಳೆಯ ಹೆಸರಿನಲ್ಲಿ ಬಳಕೆ ಥಟ್ಟನೆ ನಿಲ್ಲಲಿಲ್ಲ. ಅದರ ಮೇಲೆ ಗಿಡದ ಸತ್ವ ಸುರಿದು ಬರೆದ ಪ್ರಬಂಧ ಸ್ತನ ಕ್ಯಾನ್ಸರ್ ಬಗ್ಗೆ ಏನನ್ನೂ ಸಾಬೀತು ಮಾಡದು. ಇನ್ನು ಕರ್ಕ್ಯುಮಿನ್‌ನಂಥ ವಸ್ತುಗಳು ಹಲವು ಬಗೆಯ ಪರೀಕ್ಷೆಗಳಲ್ಲಿ ತಾವೇ ಬಣ್ಣ, ಹೊಳಪು ಬದಲಿಸಿ ಸುಳ್ಳು ಫಲಿತಾಂಶ ಕೊಡುವ ಗುಂಪಿಗೆ ಸೇರಿದವೆಂದು 2017ರ ಔಷಧ ರಸಾಯನಶಾಸ್ತ್ರದ ವಿಮರ್ಶೆಯೊಂದು ವಿವರವಾಗಿ ತೋರಿಸಿತು.

ಮಲೆನಾಡು, ಕರಾವಳಿಯ ಹಿತ್ತಿಲುಗಳಲ್ಲಿ ಬೆಳೆಯುವ ಲಕ್ಷ್ಮಣಫಲದ ಸುದ್ದಿಯನ್ನೇ ನೋಡಿ. ಮುಳ್ಳು ರಾಮಫಲ, ಹನುಮಫಲ ಎಂದೂ ಕರೆಯುತ್ತಾರೆ. 'ಕೀಮೋಗಿಂತ 10,000 ಪಟ್ಟು ಶಕ್ತಿ' ಎಂಬ ಸಂದೇಶದ ಮೂಲ 1996ರ ಒಂದು ಪ್ರಬಂಧ. ಅದು ಹಣ್ಣಿನ ಬೀಜದಿಂದ ತೆಗೆದ ಒಂದೇ ಒಂದು ಅಣುವಿನ ಬಗ್ಗೆ, ತಟ್ಟೆಯಲ್ಲಿನ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ. ಹಣ್ಣೂ ಅಲ್ಲ, ಎಲೆಯ ಕಷಾಯವೂ ಅಲ್ಲ, ಸ್ತನವೂ ಅಲ್ಲ, ಮನುಷ್ಯರೂ ಅಲ್ಲ. ಈ ಗಿಡದಲ್ಲಿರುವ ಅನೊನಾಸಿನ್ ಎಂಬ ವಸ್ತು ನರಕೋಶಗಳಿಗೆ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಇದರ ಹಣ್ಣು ಮತ್ತು ಎಲೆಯ ಕಷಾಯವನ್ನು ಬಹಳ ಕಾಲ ಸೇವಿಸಿದವರಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆಗೂ ಅದಕ್ಕೂ ನಂಟಿರುವುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು.

ಯಾರ ವಾದ ಏನು

ಕ್ಯಾನ್ಸರ್ ವೈದ್ಯರ ಆತಂಕ ಮುಖ್ಯವಾಗಿ ಕಾಲದ್ದು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುಣಪಡಿಸಬಹುದಾದ ಹಂತದಲ್ಲಿದ್ದೂ ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ 5.68 ಪಟ್ಟು ಹೆಚ್ಚಿತ್ತು. ಆಯುರ್ವೇದದ ಕಡೆಯವರು ಹೇಳುವುದರಲ್ಲೂ ತೂಕವಿದೆ: ಒಂದು ಅಣುವನ್ನು ಬೇರ್ಪಡಿಸಿ ಅಳೆದರೆ ಇಡೀ ಮೂಲಿಕೆಯ, ಹಲವು ಮೂಲಿಕೆ ಸೇರಿಸಿ ಮಾಡಿದ ಮದ್ದಿನ ಗುಣ ಕಾಣುವುದಿಲ್ಲ, ದುಡ್ಡಿಲ್ಲದ ಕಾರಣಕ್ಕೆ ಪರೀಕ್ಷೆಯಾಗದೆ ಉಳಿದದ್ದನ್ನು ನಿಷ್ಫಲ ಎನ್ನಬಾರದು. ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. 2015ರಲ್ಲಿ ಭಾರತ ತನ್ನ ಔಷಧ ನಿಯಮಗಳಲ್ಲಿ 'ಫೈಟೊಫಾರ್ಮಸ್ಯುಟಿಕಲ್' ಎಂಬ ವರ್ಗ ಸೇರಿಸಿತು: ಕನಿಷ್ಠ ನಾಲ್ಕು ಸಸ್ಯವಸ್ತುಗಳ ಪ್ರಮಾಣ ಖಚಿತಪಡಿಸಿ ಶುದ್ಧಗೊಳಿಸಿದ ಸಾರವನ್ನು, ಒಂದೇ ಅಣುವಾಗಿ ಬೇರ್ಪಡಿಸದೆಯೂ, ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ ಅನುಮತಿ ಪಡೆಯಬಹುದು. ಔಷಧ ಜಾಹೀರಾತುಗಳ ಕುರಿತ 1954ರ ಕಾಯ್ದೆಯ ಪ್ರಕಾರ ಕ್ಯಾನ್ಸರ್ ಗುಣಪಡಿಸುವುದಾಗಿ ಜಾಹೀರಾತು ಕೊಡುವುದೇ ಅಪರಾಧ. ನಂಬಿಕೆ ಇರುವವರು ಮೊದಲ ದಾರಿಯಲ್ಲಿ ನಡೆಯಬೇಕು, ಜಾಹೀರಾತಿನ ದಾರಿಯಲ್ಲಲ್ಲ.

ಚಿಕಿತ್ಸೆ ನಡೆಯುವಾಗ ಏನು ಕೆಡುತ್ತದೆ

'ತಗೊಂಡರೆ ನಷ್ಟವೇನು' ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಅಡುಗೆಯ ಒಗ್ಗರಣೆಗೆ ಹಾಕುವ ಚಿಟಿಕೆ ಅರಿಶಿನಕ್ಕೆ, ಸಾರಿನ ಮೆಣಸಿಗೆ ಆ ಮಾತು ಸರಿ. ಕ್ಯಾಪ್ಸೂಲಿಗೆ, ಗಟ್ಟಿ ಕಷಾಯಕ್ಕೆ ಸರಿಯಲ್ಲ. ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ ಟ್ಯಾಮೊಕ್ಸಿಫೆನ್ ನುಂಗುತ್ತಿದ್ದ ಹೆಂಗಸರಿಗೆ 1,200 ಮಿಲಿಗ್ರಾಂ ಕರ್ಕ್ಯುಮಿನನ್ನು ದಿನಕ್ಕೆ ಮೂರು ಸಲ ಕೊಟ್ಟಾಗ, ಔಷಧಿಯ ಕ್ರಿಯಾಶೀಲ ರೂಪವಾದ ಎಂಡಾಕ್ಸಿಫೆನ್ ಶೇ 7.7 ಇಳಿಯಿತು. ಪೈಪರಿನ್ ಸೇರಿಸಿದಾಗ ಶೇ 12.4. ಮೊದಲೇ ಮಟ್ಟ ಅಂಚಿನಲ್ಲಿರುವವರಿಗೆ ಈ ಇಳಿತ ಸಣ್ಣದಲ್ಲ. ಇಲಿಗಳಲ್ಲಿ ಆಹಾರದ ಕರ್ಕ್ಯುಮಿನ್ ಸೈಕ್ಲೊಫಾಸ್ಫಮೈಡ್ ಎಂಬ ಕೀಮೋದ ಫಲವನ್ನು ತಗ್ಗಿಸಿದ್ದು 2002ರಲ್ಲೇ ಕಂಡಿದೆ.

ಯಕೃತ್ತಿನ ಒಂದು ಕಿಣ್ವ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್‌ನಂಥ ಹೊಸ ಮಾತ್ರೆಗಳನ್ನು ಒಡೆಯುತ್ತದೆ. ಅದನ್ನು ತಡೆಯುವ ಯಾವುದೇ ವಸ್ತು ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸಿ ಬಿಳಿರಕ್ತಕಣ ಇಳಿಸುತ್ತದೆ. ರೈಬೊಸಿಕ್ಲಿಬ್ ಆದರೆ ಹೃದಯದ ಲಯವನ್ನೂ ಕೆಡಿಸಬಹುದು. ಈ ಮಾತ್ರೆಗಳ ಚೀಟಿಯಲ್ಲಿ 'ಗ್ರೇಪ್‌ಫ್ರೂಟ್ ಬೇಡ' ಎಂದಿರುತ್ತದೆ. ಅದು ದ್ರಾಕ್ಷಿಯಲ್ಲ, ನಮ್ಮ ಚಕ್ಕೋತದ ಹತ್ತಿರದ ನೆಂಟ. ಚಕ್ಕೋತದಲ್ಲೂ ಅದೇ ಬಗೆಯ ವಸ್ತುಗಳಿವೆ, ಹಾಗಾಗಿ ಬಿಡಬೇಕಾದದ್ದು ಚಕ್ಕೋತವನ್ನು, ದ್ರಾಕ್ಷಿಯನ್ನಲ್ಲ. ಪೈಪರಿನ್ ಸೇರಿದ ಅರಿಶಿನ ಕ್ಯಾಪ್ಸೂಲ್, ಅಶ್ವಗಂಧ, ಅಮೃತಬಳ್ಳಿಗಳಿಂದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಅಮೃತಬಳ್ಳಿಯ ವಿಷಯದಲ್ಲಿ ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ವಾದ ಹೇಗೇ ಇರಲಿ, ಕೀಮೋ ನಡುವೆ ಯಕೃತ್ತಿನ ಪರೀಕ್ಷೆಯ ಅಂಕಿ ಏರಿದರೆ ಮುಂದಿನ ಡೋಸ್ ಮುಂದಕ್ಕೆ ಹೋಗುತ್ತದೆ. ಕಷಾಯದ ವಿಷಯ ವೈದ್ಯರಿಗೆ ಗೊತ್ತಿಲ್ಲದಿದ್ದರೆ ಅವರು ಕೀಮೋವನ್ನೇ ದೂರಿ ಅದರ ಪ್ರಮಾಣ ಇಳಿಸುತ್ತಾರೆ. ಆದ್ದರಿಂದ ಡಬ್ಬಿ, ಪೊಟ್ಟಣ, ಬೇರಿನ ತುಂಡು ಏನಿದ್ದರೂ ಹಾಗೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸುವುದು ಒಳ್ಳೆಯದು. ಹೆಸರು ಬಾಯಲ್ಲಿ ಹೇಳಿದರೆ ಸಾಲದು, ಪ್ರಮಾಣವೂ ಪೈಪರಿನ್ ಇದೆಯೋ ಇಲ್ಲವೋ ಎಂಬುದೂ ಲೇಬಲ್ಲಿನಲ್ಲೇ ಇರುತ್ತದೆ.

ಘಟ್ಟದ ಮರಕ್ಕೆ ಬಂದ ಕುತ್ತು

ಔಷಧಿ ಗೆದ್ದಾಗ ಮರ ಸೋಲುವ ಅಪಾಯವೂ ಇದೆ. ಒಂದು ಕಿಲೋ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಸುಮಾರು 10 ಟನ್ ಯೂ ತೊಗಟೆ ಬೇಕಿತ್ತು. ತೊಗಟೆ ಸುಲಿದರೆ ಮರ ಸಾಯುತ್ತದೆ. ಯುರೋಪಿನ ಯೂ ಮರದ ಸೂಜಿಎಲೆಯಿಂದ ಅರ್ಧ ಸಿದ್ಧವಾದ ಅಣು ತೆಗೆದು ಪೂರ್ಣಗೊಳಿಸುವ ವಿಧಾನ, ಆಮೇಲೆ ಸಸ್ಯಕೋಶಗಳನ್ನೇ ತೊಟ್ಟಿಯಲ್ಲಿ ಬೆಳೆಸುವ ವಿಧಾನ ಬಂದ ಮೇಲೆ ಅಮೆರಿಕದ ಮರ ಉಳಿಯಿತು. ಹಿಮಾಲಯದ ಯೂ ಅಳಿವಿನಂಚಿನ ಪಟ್ಟಿಯಲ್ಲೇ ಇದೆ.

ಕ್ಯಾಂಪ್ಟೊಥೆಸಿನ್‌ನ ಒಂದು ದೊಡ್ಡ ಮೂಲ ನಮ್ಮ ಪಶ್ಚಿಮ ಘಟ್ಟದಲ್ಲಿದೆ: ನೊಥಾಪೊಡೈಟಿಸ್ ನಿಮ್ಮೋನಿಯಾನ ಎಂಬ ಕೆಟ್ಟ ವಾಸನೆಯ ಸಣ್ಣ ಮರ, ಮರಾಠಿಯಲ್ಲಿ ನರಕ್ಯಾ. ಬೇಡಿಕೆ ಏರಿದಂತೆ ಇಡೀ ಮರಗಳನ್ನೇ ಕಡಿದು ಸಾಗಿಸಲಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಘಟ್ಟದ ಉದ್ದಕ್ಕೂ ಈ ಮರಗಳ ಮಾದರಿ ತೆಗೆದು, ಸತ್ವದ ಪ್ರಮಾಣ ಕಾಡಿನಿಂದ ಕಾಡಿಗೆ, ಮರದಿಂದ ಮರಕ್ಕೆ ಬಹಳ ಬದಲಾಗುತ್ತದೆಂದು ತೋರಿಸಿದರು. ಸತ್ವ ಹೆಚ್ಚಿರುವ ಮರಗಳನ್ನು ಗುರುತಿಸಿ ತೋಟದಲ್ಲಿ ಬೆಳೆಸಿದರೆ ಕಾಡಿಗೆ ಕೈ ಹಾಕಬೇಕಿಲ್ಲ. ಮರದೊಳಗೆ ಬದುಕುವ ಶಿಲೀಂಧ್ರಗಳಿಂದಲೇ ಕ್ಯಾಂಪ್ಟೊಥೆಸಿನ್ ಪಡೆಯುವ ಯತ್ನವೂ ನಡೆದಿದೆ. ಆದರೆ ಮರದಿಂದ ಬೇರ್ಪಡಿಸಿ ಪ್ರಯೋಗಾಲಯದಲ್ಲಿ ತಲೆಮಾರು ತಲೆಮಾರಾಗಿ ಬೆಳೆಸಿದಂತೆ ಅವುಗಳ ಉತ್ಪಾದನೆ ಕುಗ್ಗುತ್ತಾ ಹೋಗುತ್ತದೆ.